ಜಾರ್ಜ್ ಮುಲ್ಲರ್: ತಂದೆಯ ಹಣವನ್ನು ಕದ್ದ ಹುಡುಗನು

ಅನಾಥಮಕ್ಕಳ ತಂದೆಯೆಂದು ಹೆಸರುಗೊಂಡ ಜಾರ್ಜ್ ಮುಲ್ಲರ್ ಎಂಬವರ ಸಂಗತಿಯನ್ನು ನಮ್ಮ ಸಭೆಗಳವರಲ್ಲಿ ಅನೇಕರು ಕೇಳಿದ್ದಾರೆ. ಇಂಗ್ಲೆಂಡ್ ದೇಶದ ಬ್ರಿಸ್ಟಲ್ ಪಟ್ಟಣದಲ್ಲಿ ಇವರು ಯಾವ ಮನುಷ್ಯನ ಮುಂದೆಯೂ ಕೈಯೊಡ್ಡದೆ, ಪ್ರಾರ್ಥನೆಯೊಂದನ್ನೇ ನೆಚ್ಚಿಕೊಂಡು ಹತ್ತು ಸಾವಿರ ಮಂದಿ ತಬ್ಬಲಿ ಮಕ್ಕಳನ್ನು ಸಾಕಿದರೆಂಬದು ಪ್ರಸಂಗಗಳಲ್ಲಿಯೂ ಆದಿತ್ಯವಾರದ ಶಾಲೆಗಳಲ್ಲಿಯೂ ಪದೇ ಪದೇ ಹೇಳಲ್ಪಡುತ್ತದೆ. ಆದರೆ ಇದೇ ಮುಲ್ಲರರು ಹತ್ತು ವರುಷ ತುಂಬುವದಕ್ಕೆ ಮೊದಲೇ ಕಳ್ಳತನದಲ್ಲಿ ಪಳಗಿದ್ದರೆಂಬದನ್ನು ತಿಳಿದವರು ಕಡಿಮೆ. ಇದು ಅವರ ವಿರೋಧಿಗಳು ಹಬ್ಬಿಸಿದ ಮಾತಲ್ಲ. ಅವರೇ ೧೮೩೭ರಲ್ಲಿ ಅಚ್ಚುಹಾಕಿಸಿದ ತಮ್ಮ ವೃತ್ತಾಂತದಲ್ಲಿ ಅದನ್ನು ಮೊದಲಿನ ಪುಟಗಳಲ್ಲಿಯೇ ಬರೆದಿಟ್ಟಿದ್ದಾರೆ. ಆಗ ಅವರ ಅನಾಥಶಾಲೆಯು ಹುಟ್ಟಿ ಒಂದು ವರುಷ ಮಾತ್ರ ಆಗಿತ್ತು. ಜನರು ತಮ್ಮ ಹಣವನ್ನು ನಂಬಿಕೆಯಿಂದ ಅವರ ಕೈಗೆ ಕೊಡಲಾರಂಭಿಸಿದ್ದರು. ಅಂಥ ಸಮಯದಲ್ಲಿ, ಹಣ ಕೊಡುವವರೆಲ್ಲರೂ ಓದುವ ಪುಸ್ತಕದಲ್ಲಿ, ತಾನು ಕಳ್ಳನಾಗಿದ್ದೆನೆಂದು ಬರೆಯುವದು ಎಂಥ ಕಾರ್ಯವೆಂಬದನ್ನು ವಾಚಕರೇ ಯೋಚಿಸಲಿ.

ಮುಲ್ಲರನು ೧೮೦೫ನೇ ಸಪ್ಟೆಂಬರ್ ೨೭ನೇ ತಾರೀಖಿನಲ್ಲಿ, ಜರ್ಮನಿ ದೇಶದ ಪ್ರಶ್ಯಾ ಸೀಮೆಯಲ್ಲಿ ಹಾಲ್ಬರ್‌ಸ್ಟಾಟ್ ಪಟ್ಟಣಕ್ಕೆ ಹತ್ತಿರವಾದ ಕ್ರೊಪ್ಪೆನ್‌ಸ್ಟೆಟ್ ಎಂಬ ಊರಲ್ಲಿ ಹುಟ್ಟಿದನು. ೧೮೧೦ರಲ್ಲಿ ಅವನ ತಂದೆಗೆ ನಾಲ್ಕು ಮೈಲಿಯಾಚೆಯ ಇನ್ನೊಂದು ಊರಲ್ಲಿ ಸುಂಕದ ಅಧಿಕಾರಿಯ ಕೆಲಸವು ದೊರೆಯಿತು. ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳ ಪಟೇಲರು ಕಂದಾಯವನ್ನು ಎತ್ತಿ, ಖಜಾನೆಗೆ ಕಟ್ಟುವ ತನಕ ಮನೆಯಲ್ಲಿ ಜೋಪಾನವಾಗಿಟ್ಟುಕೊಳ್ಳುತ್ತಿದ್ದ ಹಾಗೆ, ಆ ಮನೆಯಲ್ಲಿಯೂ ಸರಕಾರದ ಹಣವು ಯಾವಾಗಲೂ ಇರುತ್ತಿತ್ತು. ಅದು ತಂದೆಯ ಸ್ವಂತ ಹಣವಲ್ಲ. ಒಂದು ಕಾಸು ಕಡಿಮೆಯಾದರೂ ಅವನು ತನ್ನ ಸಂಬಳದಿಂದ ತುಂಬಿಕೊಡಬೇಕಾಗಿತ್ತು.

ಈ ತಂದೆಗೆ ಗಂಡುಮಕ್ಕಳಿಬ್ಬರು. ಇಬ್ಬರಲ್ಲಿ ಜಾರ್ಜನ ಮೇಲೆ ಅವನಿಗೆ ಮಮತೆಯು ಹೆಚ್ಚು. ಇದರಿಂದ ಇಬ್ಬರಿಗೂ ಕೆಡುಕಾಯಿತೆಂದು ಮುಲ್ಲರರು ಮುಂದೆ ಬರೆದರು. ಮಕ್ಕಳು ಚಿಕ್ಕಂದಿನಿಂದಲೇ ಹಣವನ್ನು ಕೈಯಲ್ಲಿಟ್ಟುಕೊಂಡು ಖರ್ಚುಮಾಡದೆ ಕಾಪಾಡುವದನ್ನು ಕಲಿಯಬೇಕೆಂದು ತಂದೆಯು ಅವರ ವಯಸ್ಸಿಗೆ ಮೀರಿದಷ್ಟು ಹಣವನ್ನು ಅವರಿಗೆ ಕೊಡುತ್ತಿದ್ದನು. ಅವನ ಉದ್ದೇಶವು ಒಳ್ಳೇದೇ. ಆದರೆ ಹಸಿದ ಕರುವನ್ನು ಪೈರಿನ ಅಂಚಿನಲ್ಲಿ ಕಟ್ಟಿ ಮೇಯದಿರುವದನ್ನು ಕಲಿಸಿದವರು ಯಾರು? ಹುಡುಗನು ಹಣವನ್ನು ಖರ್ಚುಮಾಡಿದನು. ತಂದೆಯು ಲೆಕ್ಕ ಕೇಳಿದಾಗ ಬಂದ ಹಣದಲ್ಲಿ ಸ್ವಲ್ಪವನ್ನು ಬರೆಯದೆ ಬಿಟ್ಟನು, ಇಲ್ಲವೆ ಸುಳ್ಳು ಲೆಕ್ಕವನ್ನು ಬರೆದನು. ಹೀಗೆ ಹಣವನ್ನು ಕಾಯುವದನ್ನು ಕಲಿಯಬೇಕಾದವನು ಲೆಕ್ಕವನ್ನು ತಿದ್ದುವದನ್ನು ಕಲಿತನು. ಅಲ್ಲಿಂದ ಸರಕಾರದ ಹಣದ ಪೆಟ್ಟಿಗೆಗೆ ಬಹು ದೂರವಿರಲಿಲ್ಲ. ಅವನು ಒಂದು ಸಾರಿಯಲ್ಲ, ಅನೇಕ ಸಾರಿ ಅದರಿಂದ ಕದ್ದನು. ಕಡಿಮೆಯಾದದ್ದನ್ನು ತಂದೆಯು ಪ್ರತಿ ಸಾರಿಯೂ ತಾನೇ ತುಂಬಿದನು.

ಕಡೆಗೆ ತಂದೆಗೆ ಮಗನ ಮೇಲೆ ಸಂಶಯವು ಹುಟ್ಟಿತು. ಒಂದು ದಿನ ಅವನು ಸ್ವಲ್ಪ ಹಣವನ್ನು ಎಣಿಸಿ ಹುಡುಗನಿದ್ದ ಕೋಣೆಯಲ್ಲಿಯೇ ಇಟ್ಟು, ಏನೂ ಅರಿಯದವನ ಹಾಗೆ ಹೊರಗೆ ಹೋದನು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗನು ಅದರಿಂದ ಸ್ವಲ್ಪ ತೆಗೆದುಕೊಂಡು, ಜೇಬಿನಲ್ಲಿಟ್ಟರೆ ಸಿಕ್ಕಿಬಿದ್ದೇನೆಂದು ಯೋಚಿಸಿ, ಬೂಟನ್ನು ಕಳಚಿ ಅಂಗಾಲಿನ ಕೆಳಗೆ ಅದನ್ನು ಬಚ್ಚಿಟ್ಟನು. ತಂದೆಯು ತಿರಿಗಿ ಬಂದು ಹಣವನ್ನು ಎಣಿಸಿದನು, ಲೆಕ್ಕವು ಸರಿಬರಲಿಲ್ಲ. ಮಗನ ಮೈಯೆಲ್ಲಾ ತಡವಿ ನೋಡಲಾಗಿ ಬೂಟಿನೊಳಗೆ ಹಣವು ಸಿಕ್ಕಿತು. ಆಕಾನನು ಕದ್ದದ್ದನ್ನು ಡೇರೆಯ ನೆಲದಲ್ಲಿ ಹೂಣಿಟ್ಟನು; ಈ ಹುಡುಗನು ಅದರ ಮೇಲೆಯೇ ಕಾಲಿಟ್ಟು ತಂದೆಯ ಮುಂದೆ ನಿಂತಿದ್ದನು.

ತಂದೆಯು ಹೀಗೆ ಹಣವನ್ನಿಟ್ಟು ಮಗನನ್ನು ಪರೀಕ್ಷಿಸಿದ್ದು ಸರಿಯೋ ಎಂದು ಕೆಲವರು ಕೇಳಬಹುದು. ಕಳ್ಳನನ್ನು ಹಿಡಿಯುವದಕ್ಕೆ ಅದು ತಕ್ಕ ಉಪಾಯವೇ ಆಗಿರಬಹುದು. ಮಗನನ್ನು ತಿದ್ದುವದಕ್ಕೆ ತಕ್ಕದ್ದಾಗಲಿಲ್ಲ. ಏಟುಗಳೇನೋ ಬಿದ್ದವು. ಆದರೆ ಸಿಕ್ಕಿಬಿದ್ದಾಗೆಲ್ಲಾ ಅವನ ಮನಸ್ಸಿನಲ್ಲಿ ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಮುಂದಿನ ಸಾರಿ ಇನ್ನೂ ಜಾಣತನದಿಂದ ಮಾಡುವದು ಹೇಗೆಂಬ ಯೋಚನೆಯೇ. ಬೆತ್ತದ ಭಯವು ಅವನನ್ನು ಎಚ್ಚರವುಳ್ಳ ಕಳ್ಳನನ್ನಾಗಿ ಮಾಡಿತು, ಅಷ್ಟೇ.

ಹತ್ತು ವರುಷ ಕಳೆದ ಮೇಲೆ ಅವನನ್ನು ಹಾಲ್ಬರ್‌ಸ್ಟಾಟಿನ ದೊಡ್ಡ ಶಾಲೆಗೆ ಕಳುಹಿಸಿದರು. ಅವನು ಪಾದ್ರಿಯಾಗಬೇಕೆಂದು ತಂದೆಯ ಆಶೆ. ದೇವರ ಸೇವೆಗಾಗಿ ಅಲ್ಲ. ಆ ದೇಶದಲ್ಲಿ ಪಾದ್ರಿಗಳಿಗೆ ಒಳ್ಳೇ ಸಂಬಳವೂ ಮನೆಯೂ ಇರುತ್ತಿದ್ದದರಿಂದ, ಮಗನ ಮನೆಯಲ್ಲಿ ತನ್ನ ಮುಪ್ಪಿನ ದಿನಗಳನ್ನು ಸುಖವಾಗಿ ಕಳೆಯಬಹುದೆಂಬದಕ್ಕಾಗಿಯೇ. ಮಗನಿಗಾದರೋ ಕಥೆಪುಸ್ತಕಗಳಲ್ಲಿಯೂ ಇಸ್ಪೀಟು ಆಟದಲ್ಲಿಯೂ ಮದ್ಯದಂಗಡಿಯಲ್ಲಿಯೂ ಮನಸ್ಸು. ಅವನಿಗೆ ಹದಿನಾಲ್ಕು ವರುಷವಾಗಿದ್ದಾಗ ತಾಯಿಯು ತೀರಿಕೊಂಡಳು. ಆಕೆಯು ಸಾಯುತ್ತಿದ್ದ ರಾತ್ರಿಯಲ್ಲಿ ಅವನು, ಆಕೆಗೆ ಕಾಯಿಲೆಯೆಂಬದನ್ನೂ ತಿಳಿಯದೆ, ಎರಡು ಗಂಟೆಯ ವರೆಗೂ ಇಸ್ಪೀಟಾಡಿದನು; ಮರುದಿನ ಅರ್ಧ ಅಮಲಿನಲ್ಲಿ ಗೆಳೆಯರ ಸಂಗಡ ಬೀದಿಯಲ್ಲಿ ಅಲೆದನು. ಅದೇ ೧೮೨೦ರಲ್ಲಿ ಅವನಿಗೆ ಸಭೆಯಲ್ಲಿ ಸ್ಥಿರೀಕರಣವಾಯಿತು. ಪಾದ್ರಿಗೆ ಸಲ್ಲಿಸಬೇಕೆಂದು ತಂದೆಯು ಕೊಟ್ಟಿದ್ದ ಕಾಣಿಕೆಯಲ್ಲಿ ಹನ್ನೆರಡನೆಯ ಒಂದು ಪಾಲನ್ನು ಮಾತ್ರ ಕೊಟ್ಟು ಉಳಿದದ್ದನ್ನು ಅವನು ತಾನೇ ಇಟ್ಟುಕೊಂಡನು. ಅವನು ಪಾಪವನ್ನು ಅರಿಕೆಮಾಡುವದಕ್ಕೆ ಆ ಪಾದ್ರಿಯ ಬಳಿಗೆ ಹೋಗಿದ್ದ ಹೊತ್ತಿನಲ್ಲಿಯೇ ಇದು ನಡೆಯಿತು.

೧೮೨೧ರಲ್ಲಿ ತಂದೆಗೆ ಮಾಗ್ಡೆಬರ್ಗ್ ಪಟ್ಟಣದ ಹತ್ತಿರದ ಶ್ಯೋನೆಬೆಕ್ ಎಂಬ ಊರಿಗೆ ವರ್ಗವಾಯಿತು. ಹಳೇ ಮನೆಯ ರಿಪೇರಿಯ ಕೆಲಸವನ್ನು ನೋಡಿಕೊಳ್ಳುವೆನೆಂದು ಜಾರ್ಜನು ಅಲ್ಲಿಯೇ ಉಳಿಯಲು ಅಪ್ಪಣೆ ಪಡೆದನು. ಊರಿನವರಿಂದ ತನಗೆ ಬರಬೇಕಾಗಿದ್ದ ಬಾಕಿಗಳನ್ನು ವಸೂಲಿಮಾಡುವ ಕೆಲಸವನ್ನೂ ತಂದೆಯು ಅವನಿಗೇ ಒಪ್ಪಿಸಿದನು. ಬೂಟಿನ ಸಂಗತಿಯನ್ನು ಬಲ್ಲ ತಂದೆಯು ಹೀಗೇಕೆ ಮಾಡಿದನೆಂದು ನಮಗೆ ಆಶ್ಚರ್ಯವಾಗುತ್ತದೆ. ಆದರೆ ಯಾವ ತಂದೆಗೆ ತಾನೇ ತನ್ನ ಮಗನು ಇನ್ನು ಸರಿಹೋದಾನೆಂಬ ನಿರೀಕ್ಷೆ ಇರುವದಿಲ್ಲ! ವಸೂಲಾದ ಹಣದೊಡನೆ ಮಗನು ನವಂಬರ್ ತಿಂಗಳಲ್ಲಿ ಊರುಬಿಟ್ಟನು. ಮಾಗ್ಡೆಬರ್ಗಿನಲ್ಲಿ ಆರು ದಿನಗಳು ಕಳೆದವು. ಅಲ್ಲಿಂದ ಬ್ರನ್ಸ್‌ವಿಕ್ ಪಟ್ಟಣಕ್ಕೆ ಹೋಗಿ ಬೆಲೆಯುಳ್ಳ ವಸತಿಗೃಹದಲ್ಲಿ ದೊಡ್ಡ ಮನುಷ್ಯನ ಹಾಗೆ ಇಳುಕೊಂಡನು. ಒಂದು ವಾರದಲ್ಲಿ ಹಣವೆಲ್ಲಾ ಮುಗಿಯಿತು. ಆ ಪಟ್ಟಣದ ಹತ್ತಿರದ ಒಂದು ಹಳ್ಳಿಯ ಇನ್ನೊಂದು ವಸತಿಗೃಹದವನು ಸಂಶಯಪಟ್ಟು, ಬಾಕಿಗೆ ಈಡಾಗಿ ಅವನ ಒಳ್ಳೇ ಉಡುಪುಗಳನ್ನು ಇಟ್ಟುಕೊಂಡನು. ಉಟ್ಟ ಬಟ್ಟೆಯಲ್ಲಿಯೇ ಅವನು ಆರು ಮೈಲಿ ನಡೆದು ವೋಲ್ಫೆನ್‌ಬ್ಯುಟೆಲ್ ಎಂಬ ಊರನ್ನು ಸೇರಿ, ಅಲ್ಲಿಯೂ ವಸತಿಗೃಹಕ್ಕೆ ಹೋಗಿ, ತುಂಬಿದ ಚೀಲವುಳ್ಳವನ ಹಾಗೆ ಎರಡು ದಿನ ಉಂಡನು. ಮೂರನೇ ದಿನ ಬೆಳಿಗ್ಗೆ ಈಡಿಗಿಡುವದಕ್ಕೆ ಏನೂ ಉಳಿದಿರಲಿಲ್ಲ. ಅಂಗಳದಿಂದ ಮೆಲ್ಲನೆ ಹೊರಬಿದ್ದು ಓಡಲಾರಂಭಿಸಿದನು. ಹಿಂದಿನಿಂದ ಅವನ ಹೆಸರು ಹಿಡಿದು ಕೂಗಿದರು, ತಿರಿಗಿ ಬರಬೇಕಾಯಿತು.

ಅವನು ಇದ್ದ ಸಂಗತಿಯನ್ನೆಲ್ಲಾ ಹೇಳಿ ಬೇಡಿಕೊಂಡರೂ ಯಾರೂ ಕನಿಕರಿಸಲಿಲ್ಲ. ಇಬ್ಬರು ಸಿಪಾಯಿಗಳ ನಡುವೆ ಅವನನ್ನು ಪೊಲೀಸು ಅಧಿಕಾರಿಯ ಬಳಿಗೆ ಕರಕೊಂಡು ಹೋದರು. ಮೂರು ಗಂಟೆಗಳ ವಿಚಾರಣೆಯಾದ ಮೇಲೆ ಸೆರೆಮನೆಯ ಬಾಗಿಲು ಮುಚ್ಚಲ್ಪಟ್ಟಿತು. ಆಗ ಅವನಿಗೆ ಹದಿನಾರು ವರುಷ. ೧೮೨೧ನೇ ಡಿಸಂಬರ್ ೧೮ರಿಂದ ೧೮೨೨ನೇ ಜನವರಿ ೧೨ರ ವರೆಗೆ ಅವನು ಕಳ್ಳರ ಮತ್ತು ಕೊಲೆಗಾರರ ಆ ಮನೆಯಲ್ಲಿದ್ದನು. ಹೊರಗೆ ಮನೆಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬದ ದೀಪಗಳು ಹೊತ್ತಿದಾಗ, ಪಾದ್ರಿಯಾಗಬೇಕಾಗಿದ್ದ ಈ ಹುಡುಗನು ಕಂಬಿಯ ಕಿಟಕಿಯ ಒಳಗೆ ಒರಟು ರೊಟ್ಟಿಯನ್ನೂ ನೀರನ್ನೂ ಮುಂದಿಟ್ಟುಕೊಂಡು ಕೂತಿದ್ದನು. ಅವನು ಸತ್ಯವೇದವನ್ನು ಕೇಳಿ ಬೇಡಿದನು. ಅದು ಕೂಡಾ ಹೊತ್ತು ಕಳೆಯುವದಕ್ಕಾಗಿಯೇ ಹೊರತು ಬೇರೆ ಯಾವ ಬಯಕೆಯಿಂದಲೂ ಅಲ್ಲ. ಕೆಲವು ದಿನಗಳಾದ ಮೇಲೆ ಒಬ್ಬ ಕಳ್ಳನು ಅವನಿಗೆ ಜತೆಯಾದನು. ಅವನು ತನ್ನ ಕಳ್ಳತನಗಳನ್ನು ಹೇಳಿಕೊಳ್ಳಲು, ಜಾರ್ಜನು ಅವನಿಗಿಂತ ಕಡಿಮೆಯೆನಿಸಿಕೊಳ್ಳಬಾರದೆಂದು ತಾನು ಮಾಡದ ದುಷ್ಕೃತ್ಯಗಳನ್ನೂ ಕಲ್ಪಿಸಿ ಹೇಳಿದನು. ನಾಚಿಕೆಯಿಂದ ತಲೆತಗ್ಗಿಸಬೇಕಾದ ಸ್ಥಳದಲ್ಲಿಯೂ ಅವನು ಹೆಚ್ಚಳಪಟ್ಟನು. ಆಮೇಲೆ ಇಬ್ಬರಿಗೂ ಜಗಳವಾಗಿ ದಿನಗಟ್ಟಲೆ ಮಾತಿಲ್ಲದೆ ಒಂದೇ ಕೋಣೆಯಲ್ಲಿ ಕೂತಿದ್ದರು.

ವಸತಿಗೃಹದ ಬಾಕಿಯನ್ನೂ ಸೆರೆಮನೆಯ ಊಟದ ಖರ್ಚನ್ನೂ ದಾರಿಯ ವೆಚ್ಚವನ್ನೂ ತಂದೆಯೇ ಕಳುಹಿಸಿ ಅವನನ್ನು ಬಿಡಿಸಿದನು. ಆಮೇಲೆ ಅವನನ್ನು ಕಠಿಣವಾಗಿ ಹೊಡೆದು ತನ್ನ ಸಂಗಡ ಶ್ಯೋನೆಬೆಕ್ಕಿಗೆ ಕರಕೊಂಡು ಹೋದನು.

ಆ ಹೊಡೆತದ ಮೇಲೆ ಹುಡುಗನ ಹೊರಗಣ ನಡತೆಯು ಬಹಳ ಬದಲಾಯಿತು. ಅವನು ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಿದನು. ನಾರ್ಡ್‌ಹೌಸೆನ್ ಪಟ್ಟಣದ ಶಾಲೆಗೆ ಸೇರಿ, ಬೆಳಿಗ್ಗೆ ನಾಲ್ಕು ಗಂಟೆಗೇ ಎದ್ದು ಓದಿದನು. ಶಾಲೆಯ ಮುಖ್ಯೋಪಾಧ್ಯಾಯನು ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು, ಬೇರೆ ಹುಡುಗರಿಗೆ ಅವನನ್ನು ಮಾದರಿಯೆಂದು ತೋರಿಸುತ್ತಿದ್ದನು. ಅವನು ಬಹು ದಿನ ಕಾಯಿಲೆಯಿಂದ ಮಲಗಿದ್ದಾಗ ಆ ಉಪಾಧ್ಯಾಯನ ಹೆಂಡತಿಯು ಹೆತ್ತ ತಾಯಿಯ ಹಾಗೆ ಅವನನ್ನು ಉಪಚರಿಸಿದಳು. ಇಷ್ಟಾದರೂ ಒಳಗಿನ ಮನುಷ್ಯನು ಹಳಬನೇ. ಸಾಲವು ಬೆಳೆಯಿತು. ಒಂದು ಸಾರಿ ತಂದೆಯಿಂದ ಹಣ ಬಂದಾಗ ಅವನು ಅದನ್ನು ಬೇಕೆಂದೇ ಗೆಳೆಯರಿಗೆ ತೋರಿಸಿದನು. ತರುವಾಯ ತನ್ನ ಪೆಟ್ಟಿಗೆಯ ಬೀಗವನ್ನು ತಾನೇ ಕೆಡಿಸಿ, ತನ್ನ ವಾದ್ಯದ ಪೆಟ್ಟಿಗೆಯನ್ನೂ ಒಡೆದು, ಅಂಗಿಯನ್ನು ಕಳಚಿ ಹೆದರಿದವನ ಹಾಗೆ ಮುಖ್ಯೋಪಾಧ್ಯಾಯನ ಕೋಣೆಗೆ ಓಡಿಹೋಗಿ, ತನ್ನ ಹಣವು ಕಳುವಾಯಿತೆಂದು ಕೂಗಿಕೊಂಡನು. ಗೆಳೆಯರು ಮರುಗಿ, ಅವನು ಕಳಕೊಂಡನೆಂದು ಹೇಳಿದಷ್ಟು ಹಣವನ್ನು ತಮ್ಮತಮ್ಮೊಳಗೆ ಕೂಡಿಸಿ ಕೊಟ್ಟರು. ಸಾಲ ಕೊಟ್ಟವರೂ ಇನ್ನಷ್ಟು ದಿನ ತಾಳಿಕೊಂಡರು.

ಈ ಸಾರಿ ಬೂಟನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ. ಅವನು ಸಿಕ್ಕಿಬೀಳಲಿಲ್ಲ. ಆದರೆ ಮುಖ್ಯೋಪಾಧ್ಯಾಯನಿಗೆ ಸಂಶಯವು ಹುಟ್ಟಿತು; ರುಜುವಾತು ಇಲ್ಲದಿದ್ದರೂ ಅವನು ಹುಡುಗನನ್ನು ಮೊದಲಿನ ಹಾಗೆ ತಿರಿಗಿ ನಂಬಲೇ ಇಲ್ಲ. ತನ್ನನ್ನು ತಾಯಿಯ ಹಾಗೆ ಕಾಪಾಡಿದ ಆ ಸ್ತ್ರೀಯ ಮುಂದೆ ನಿಲ್ಲುವದು ಅಂದಿನಿಂದ ಅವನಿಗೆ ಸಂಕಟವಾಯಿತು. ತಂದೆಯ ಬೆತ್ತವೂ ವೋಲ್ಫೆನ್‌ಬ್ಯುಟೆಲಿನ ಸೆರೆಯೂ ಮುಟ್ಟದೆ ಇದ್ದ ಯಾವದನ್ನೋ ಆ ಒಳ್ಳೇ ಹೆಂಗಸಿನ ಮುಖವು ಮುಟ್ಟಿತೆಂದು ತೋರುತ್ತದೆ.

ಹಾಗಾದರೂ ಕೈಯು ಇನ್ನೂ ನಿಲ್ಲಲಿಲ್ಲ. ೧೮೨೫ರಲ್ಲಿ ಅವನು ಹಾಲೆ ಪಟ್ಟಣದ ವಿಶ್ವವಿದ್ಯಾನಿಲಯವನ್ನು ಸೇರಿದನು. ಆ ಬೇಸಿಗೆಯಲ್ಲಿ ಗೆಳೆಯರೊಡನೆ ಸ್ವಿಟ್ಜರ್ಲೆಂಡಿನ ಪರ್ವತಗಳನ್ನು ನೋಡಲು ಹೊರಟನು. ಅಪ್ಪಣೆಯ ಚೀಟಿಗಳು ಬೇಕಾದದ್ದರಿಂದ ತಂದೆತಾಯಿಗಳು ಬರೆದಂತೆ ಸುಳ್ಳು ಕಾಗದಗಳನ್ನು ಹುಟ್ಟಿಸಿದರು. ಎಲ್ಲರ ಹಣವೂ ಜಾರ್ಜನ ಕೈಯಲ್ಲಿತ್ತು. ಅವನು ಲೆಕ್ಕವನ್ನು ಹೇಗೆ ನಡಿಸಿದನೆಂದರೆ, ನಾಲ್ವತ್ತಮೂರು ದಿನಗಳ ಆ ಪ್ರಯಾಣವು ಗೆಳೆಯರಿಗಿಂತ ಅವನಿಗೆ ಮೂರರಲ್ಲೊಂದು ಪಾಲು ಕಡಿಮೆಯಲ್ಲಿ ಮುಗಿಯಿತು. ಹಣದ ಚೀಲವನ್ನು ಹೊತ್ತಿದ್ದ ಯೂದನ ಹಾಗೆ ತಾನು ಇದ್ದೆನೆಂದು ಮುಲ್ಲರರು ಮುಂದೆ ಒಪ್ಪಿಕೊಂಡರು.

ಆ ವರುಷದ ನವಂಬರಿನ ಒಂದು ಶನಿವಾರ ಸಂಜೆ, ಬೇಟಾ ಎಂಬ ಗೆಳೆಯನು ವಾಗ್ನರ್ ಎಂಬ ವರ್ತಕನ ಮನೆಯಲ್ಲಿ ನಡೆಯುತ್ತಿದ್ದ ಚಿಕ್ಕ ಪ್ರಾರ್ಥನಾಕೂಟಕ್ಕೆ ಅವನನ್ನು ಕರಕೊಂಡು ಹೋದನು. ಅಲ್ಲಿ ಕಂಡದ್ದು ದೊಡ್ಡ ಸಂಗತಿಯೇನೂ ಅಲ್ಲ. ಕೂಡಿದವರು ಒಂದು ಕೀರ್ತನೆಯನ್ನು ಹಾಡಿದರು. ಒಬ್ಬನು ಮೊಣಕಾಲೂರಿ ಪ್ರಾರ್ಥಿಸಿದನು. ಸತ್ಯವೇದದ ಒಂದು ಅಧ್ಯಾಯವನ್ನೂ ಅಚ್ಚಾದ ಒಂದು ಪ್ರಸಂಗವನ್ನೂ ಓದಿದರು. ನಮ್ಮ ಹಳ್ಳಿಗಳ ಮನೆಕೂಟಗಳಲ್ಲಿ ಇದಕ್ಕಿಂತ ಹೆಚ್ಚೇ ನಡೆಯುತ್ತದೆ. ಆದರೆ ಪಾದ್ರಿಯ ಕೆಲಸಕ್ಕಾಗಿ ಓದುತ್ತಿದ್ದ ಈ ಇಪ್ಪತ್ತು ವರುಷದವನು ಮೊಣಕಾಲೂರಿದ ಒಬ್ಬ ಮನುಷ್ಯನನ್ನು ತನ್ನ ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು. ತಾನೂ ಎಂದೂ ಮೊಣಕಾಲೂರಿದವನಲ್ಲ. ಅವನು ಅಲ್ಲಿಂದ ಹೋದದ್ದು ಬೇರೆ ಮನುಷ್ಯನಾಗಿ.

ಇದಾದ ಸ್ವಲ್ಪ ಕಾಲದಲ್ಲಿಯೇ ಮುಲ್ಲರರು ತಾನು ಮಿಶನರಿಯಾಗುವೆನೆಂದು ತಂದೆಗೆ ತಿಳಿಸಿದರು. ತಂದೆಯು ಬಹಳ ಕೋಪಿಸಿಕೊಂಡನು. ಮಗನ ಓದಿಗಾಗಿ ಇಷ್ಟು ಖರ್ಚುಮಾಡಿದ್ದು ಅವನ ಮನೆಯಲ್ಲಿ ಸುಖವಾಗಿ ಮುಪ್ಪನ್ನು ಕಳೆಯುವದಕ್ಕಾಗಿ ಅಲ್ಲವೇ ಎಂದು ಗದರಿಸಿದನು. ಆಮೇಲೆ ಅತ್ತು ಬೇಡಿಕೊಂಡನು. ಮಗನು ಒಂದು ತೀರ್ಮಾನಕ್ಕೆ ಬಂದರು. ತಂದೆಯು ಯಾವ ನಿರೀಕ್ಷೆಯಿಂದ ಹಣ ಕೊಡುತ್ತಾನೋ ಆ ನಿರೀಕ್ಷೆಯನ್ನು ತಾನು ನೆರವೇರಿಸುವಂತಿಲ್ಲ. ಆದ ಕಾರಣ ಇನ್ನು ಆ ಹಣವನ್ನು ತೆಗೆದುಕೊಳ್ಳುವದು ನ್ಯಾಯವಲ್ಲ. ಓದು ಮುಗಿಯುವದಕ್ಕೆ ಇನ್ನೂ ಎರಡು ವರುಷಗಳಿದ್ದವು. ಬೂಟಿನೊಳಗೆ ತಂದೆಯ ನಾಣ್ಯವನ್ನು ಬಚ್ಚಿಟ್ಟವನು, ತಂದೆಯು ತಾನಾಗಿ ಕೊಡುತ್ತಿದ್ದ ಹಣವನ್ನು ಈಗ ಬೇಡವೆಂದನು. ಹಾಲೆಗೆ ಬಂದಿದ್ದ ಕೆಲವು ಅಮೇರಿಕದ ಪಂಡಿತರಿಗೆ ಜರ್ಮನ್ ಭಾಷೆಯನ್ನು ಕಲಿಸುವ ಕೆಲಸವು ದೊರೆತು, ಅವರು ಕೊಟ್ಟ ಸಂಬಳದಿಂದ ಅವರ ಕೊರತೆಗಳೆಲ್ಲವೂ ನೀಗಿದವು. ತಂದೆಯು ೧೮೪೦ರಲ್ಲಿ ತೀರಿಕೊಂಡನು.

೧೮೨೯ರಲ್ಲಿ ಮುಲ್ಲರರು ಇಂಗ್ಲೆಂಡಿಗೆ ಬಂದು, ಮರುವರುಷ ಟೈನ್‌ಮತ್ ಎಂಬ ಊರಿನ ಚಿಕ್ಕ ಸಭೆಗೆ ಬೋಧಕರಾದರು. ಅದೇ ವರುಷ ಮೇರಿ ಗ್ರೋವ್ಸ್ ಎಂಬಾಕೆಯನ್ನು ಮದುವೆಯಾದರು. ಮುಂದೆ ದಕ್ಷಿಣ ಹಿಂದೂದೇಶದಲ್ಲಿ ಬಹುಕಾಲ ಸೇವೆ ನಡಿಸಿದ ಆಂಟನಿ ನಾರಿಸ್ ಗ್ರೋವ್ಸ್ ಎಂಬವರು ಈಕೆಯ ಅಣ್ಣನು. ಗೊತ್ತಾದ ಸಂಬಳವನ್ನು ಬಿಟ್ಟುಕೊಟ್ಟು ಮುಲ್ಲರರು ಗುಡಿಯಲ್ಲಿ ಒಂದು ಪೆಟ್ಟಿಗೆಯನ್ನು ಇರಿಸಿದರು. ಕೊಡಲು ಮನಸ್ಸುಳ್ಳವರು ಅದರಲ್ಲಿ ಹಾಕಬಹುದಾಗಿತ್ತು. ವಾರವಾರವೂ ಅದನ್ನು ತೆರೆಯುವದು ಸಭೆಯ ಸಹೋದರರ ಕೆಲಸ. ಆದರೆ ಅವರು ಮರೆತು, ಕೆಲವು ಸಾರಿ ಐದು ವಾರಗಳ ವರೆಗೂ ತೆರೆಯದೆ ಇದ್ದರು. ಮನೆಯಲ್ಲಿ ಗಂಡಹೆಂಡರ ಕೈಯಲ್ಲಿ ಕೆಲವು ಶಿಲಿಂಗುಗಳು ಮಾತ್ರ ಉಳಿದಿದ್ದವು. ಪೆಟ್ಟಿಗೆಯಲ್ಲಿದ್ದದ್ದು ಅವರಿಗಾಗಿಯೇ ಕೊಟ್ಟ ಹಣ. ಒಂದು ಮಾತು ಹೇಳಿದ್ದರೆ ಬೀಗವು ತೆರೆಯಲ್ಪಡುತ್ತಿತ್ತು. ಅವರು ಆ ಮಾತನ್ನು ಹೇಳಲಿಲ್ಲ. ಕಡೆಗೆ ಒಬ್ಬ ಸಹೋದರನಿಗೆ ತಾನಾಗಿ ನೆನಪಾಗಿ, ಪೆಟ್ಟಿಗೆಯನ್ನು ತೆರೆದು ಹಣವನ್ನು ತಂದುಕೊಟ್ಟನು.

ಬ್ರಿಸ್ಟಲಿನ ಕಾರ್ಯವು ವಾಚಕರಿಗೆ ತಿಳಿದದ್ದೇ. ೧೮೩೬ರಲ್ಲಿ ವಿಲ್ಸನ್ ಬೀದಿಯ ಒಂದು ಬಾಡಿಗೆಯ ಮನೆಯಲ್ಲಿ ಅದು ಆರಂಭವಾಯಿತು. ೧೮೪೯ರಲ್ಲಿ ಆಶ್ಲೀ ಡೌನ್ ಎಂಬ ದಿಬ್ಬದ ಮೇಲೆ ಮುನ್ನೂರು ಮಕ್ಕಳ ಮನೆಯು ಎದ್ದಿತು. ೧೮೭೦ರೊಳಗೆ ಅಂಥ ಐದು ಮನೆಗಳಾಗಿ, ಎರಡು ಸಾವಿರಕ್ಕೆ ಮಿಕ್ಕ ಮಕ್ಕಳಿಗೆ ಸ್ಥಳವಾಯಿತು. ಇದಕ್ಕಾಗಿಯೂ ಶಾಲೆಗಳು, ಸತ್ಯವೇದಗಳು, ಮಿಶನರಿಗಳು ಎಂಬಿವುಗಳಿಗಾಗಿಯೂ ಅವರ ಕೈಯಿಂದ ದಾಟಿದ ಹಣವು ಸುಮಾರು ಹದಿನೈದು ಲಕ್ಷ ಪೌಂಡುಗಳು. ಅವರು ಸಾಲಮಾಡಲಿಲ್ಲ. ಒಂದು ಕೆಲಸಕ್ಕೆಂದು ಬಂದ ಹಣವನ್ನು ಎಷ್ಟೇ ಇಕ್ಕಟ್ಟಾದರೂ ಇನ್ನೊಂದಕ್ಕೆ ಮುಟ್ಟಲಿಲ್ಲ. ಬಡ ಹೆಂಗಸು ಕೊಟ್ಟ ಕಾಸಾದರೂ, ಐಶ್ವರ್ಯವಂತನು ಕೊಟ್ಟ ಸಾವಿರವಾದರೂ, ಬಂದ ದಿನವೇ ಪುಸ್ತಕಕ್ಕೆ ಏರುತ್ತಿತ್ತು. ಹೆಸರು ಹೇಳಲೊಲ್ಲದವರು ಕೂಡಾ ತಮ್ಮ ಕಾಣಿಕೆಯು ಸೇರಿತೋ ಇಲ್ಲವೋ ಎಂದು ವಾರ್ಷಿಕ ವರದಿಯಲ್ಲಿ ನೋಡಿಕೊಳ್ಳುವ ಹಾಗೆ ಅದು ಅಚ್ಚಾಗುತ್ತಿತ್ತು. ಅಷ್ಟು ಕಟ್ಟುನಿಟ್ಟು ಏಕೆಂದು ಕೇಳುವವರು ಇದ್ದಿರಬಹುದು. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕೆಯನ್ನು ಬಿಡುವದು ಎಷ್ಟು ಸುಲಭವೆಂಬದನ್ನು ಅವರು ಹತ್ತನೇ ವರುಷದೊಳಗೇ ತಿಳಿದಿದ್ದರಲ್ಲವೇ.

೧೮೯೮ನೇ ಮಾರ್ಚ್ ೧೦ರಂದು ಬೆಳಿಗ್ಗೆ, ತೊಂಭತ್ತೆರಡು ವರುಷದ ಮುಲ್ಲರರು ಅನಾಥಶಾಲೆಯ ತಮ್ಮ ಕೋಣೆಯಲ್ಲಿ ತೀರಿಹೋದದ್ದು ಕಂಡುಬಂತು. ಅವರ ಸ್ವಂತ ವೆಚ್ಚಕ್ಕೆಂದು ಜನರು ಕೊಟ್ಟಿದ್ದ ಹಣದಲ್ಲಿ ಎಂಭತ್ತೊಂದು ಸಾವಿರ ಪೌಂಡುಗಳಿಗೂ ಹೆಚ್ಚಾದದ್ದನ್ನು ಅವರು ತಿರಿಗಿ ಕೊಟ್ಟುಬಿಟ್ಟಿದ್ದರೆಂದು ಪುಸ್ತಕಗಳಿಂದ ತಿಳಿಯಿತು. ಬಿಟ್ಟುಹೋದ ಆಸ್ತಿಯನ್ನು ಎಣಿಸಲಾಗಿ ಸುಮಾರು ನೂರ ಅರುವತ್ತು ಪೌಂಡುಗಳಾದವು. ಅದರಲ್ಲಿಯೂ ಹೆಚ್ಚಿನದು ಮನೆಯ ಸಾಮಾನುಗಳು.